ಮಂಗಳೂರಿನ ಮೆಟ್ಟಿಲುದಾರಿಗಳೂ ರಸ್ತೆಗಳೇ: ಪಾಲಿಕೆಗೊಂದು ಬಹಿರಂಗ ಪತ್ರ

ಮಂಗಳೂರು ಮಹಾನಗರ ಪಾಲಿಕೆಯ ಆಯುಕ್ತರಿಗೆ, ಎಂಜಿನಿಯರಿಂಗ್ ವಿಭಾಗದವರಿಗೆ, 60 ವಾರ್ಡ್‌ಗಳ ಸಮಿತಿ ಸದಸ್ಯರಿಗೆ,

ಮಾನ್ಯರೇ,

ಈ ಊರಿನ ಜಾಗಗಳ ಹೆಸರನ್ನು ಒಮ್ಮೆ ಸಾಲಾಗಿ ಹೇಳಿಕೊಂಡರೆ ಸಾಕು, ನೆಲದ ಏರುತಗ್ಗು ಕಣ್ಣಿಗೆ ಕಟ್ಟುತ್ತದೆ. ಬಾವುಟಗುಡ್ಡೆ, ಮಣ್ಣಗುಡ್ಡೆ ಮೇಲೆ, ಕೊಡಿಯಾಲಬೈಲು ಕೆಳಗೆ. ಗುಡ್ಡದ ನೆತ್ತಿಯ ಮಟ್ಟಸವಾದ ಮುರಕಲ್ಲಿನ (ಲ್ಯಾಟರೈಟ್ ಕಲ್ಲಿನ) ಹಾಸು ಪದವು, ಅದರ ಮೇಲೆ ಪದವಿನಂಗಡಿ. ಪದವಿನಲ್ಲಿ ಹುಲ್ಲು, ಬೈಲಿನಲ್ಲಿ ಗದ್ದೆ, ನಡುವೆ ದರೆ, ಎಂದರೆ ಕಡಿದಾದ ಇಳಿಜಾರು. ಆ ದರೆಯನ್ನು ಹತ್ತಿ ಇಳಿಯಲು ಮುರಕಲ್ಲಿನ ಮೆಟ್ಟಿಲು. ಗದ್ದೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಬಂದಿದೆ, ಹುಲ್ಲಿನ ಜಾಗದಲ್ಲಿ ಕಾಂಕ್ರೀಟ್ ರಸ್ತೆ ಬಂದಿದೆ. ದರೆ ಎಲ್ಲಿಗೂ ಹೋಗಿಲ್ಲ. ಮೆಟ್ಟಿಲೂ ಹೋಗಿಲ್ಲ, ಆದರೆ ಅದನ್ನು ರಸ್ತೆಯೆಂದು ಎಣಿಸುವುದು ನಿಂತಿದೆ.

ನಾವು ಹೇಳುತ್ತಿರುವುದು ಎರಡು ಪಾಗಾರಗಳ (ಕಾಂಪೌಂಡ್ ಗೋಡೆಗಳ) ನಡುವೆ ನಾಲ್ಕೈದು ಅಡಿ ಅಗಲದಲ್ಲಿ ಇಳಿದುಹೋಗುವ ದಾರಿಗಳ ಬಗ್ಗೆ. ಮೇಲಿನ ರಸ್ತೆಯಿಂದ ಕೆಳಗಿನ ಬಸ್ ಸ್ಟಾಪಿಗೆ, ಶಾಲೆಗೆ, ಮಾರ್ಕೆಟ್ಟಿಗೆ ನೇರ ದಾರಿ. ಮುಖ್ಯರಸ್ತೆಯಿಂದ ನೋಡಿದರೆ ಅಲ್ಲೊಂದು ದಾರಿ ಇದೆಯೆಂದೇ ಗೊತ್ತಾಗುವುದಿಲ್ಲ: ಹೆಸರಿನ ಫಲಕವಿಲ್ಲ, ಬಾಯಿಗೆ ಒಂದು ಸ್ಕೂಟರ್ ನಿಂತಿರುತ್ತದೆ, ಪಕ್ಕದಲ್ಲಿ ಕಸದ ಚೀಲ. ಆದರೂ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು, ಮನೆಗೆಲಸಕ್ಕೆ ಹೋಗುವವರು, ಶಾಲೆಯ ಮಕ್ಕಳು, ಅಂಚೆಯವರು, ಮೂವತ್ತು ಕೆ.ಜಿ. ಹತ್ತಿರ ತೂಗುವ ತುಂಬಿದ ಗ್ಯಾಸ್ ಸಿಲಿಂಡರ್ ಹೆಗಲಿಗೇರಿಸಿಕೊಂಡವರು ದಿನಾ ಇಲ್ಲೇ ನಡೆಯುತ್ತಾರೆ.

ಕದ್ರಿಯಲ್ಲಿ ದೇವಸ್ಥಾನದ ಹಿಂದಿನ ಕೆರೆಗಳ ಕಡೆಯಿಂದ ಜೋಗಿಮಠದ ಗುಡ್ಡಕ್ಕೆ ಹತ್ತುವ ಮೆಟ್ಟಿಲನ್ನು ಯಾರೂ ಮರೆತಿಲ್ಲ. ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲು, ಶ್ರವಣಬೆಳಗೊಳದ ವಿಂಧ್ಯಗಿರಿಯ ಮೆಟ್ಟಿಲು ಎಲ್ಲರಿಗೂ ಗೊತ್ತು. ದೇವರ ಬಳಿಗೆ ಹೋಗುವ ಮೆಟ್ಟಿಲನ್ನು ಕೇಳುವವರು ಇರುತ್ತಾರೆ. ಬಸ್ಸಿಗೆ ಹೋಗುವ ಮೆಟ್ಟಿಲಿಗೆ ಅವರಿಲ್ಲ. ಈ ಪತ್ರ ಅಂಥ ಮೆಟ್ಟಿಲುಗಳ ಪರವಾಗಿ.

ನಮ್ಮ ಬೇಡಿಕೆ ಒಂದೇ. ಪ್ರತಿ ಮೆಟ್ಟಿಲುದಾರಿಗೂ ರಸ್ತೆಗೆ ಕೊಡುವ ಹಾಗೆ ಒಂದು ಸಂಖ್ಯೆ, ಒಂದು ಹೆಸರು ಕೊಟ್ಟು, ಮಳೆಗಾಲದ ಮುಂಚಿನ ಕೆಲಸಗಳ ಪಟ್ಟಿಗೆ ಸೇರಿಸಿ. ಸೇರಿಸಿದ ಮೇಲೆ ಮೊದಲು ನೀರನ್ನು ಬೇರೆ ಮಾಡಿ, ಆಮೇಲೆ ಕಲ್ಲು ಮುಟ್ಟಿ. ಈ ಕ್ರಮ ತಪ್ಪಿದರೆ ಹಾಕಿದ ದುಡ್ಡು ಎರಡು ಮಳೆಗಾಲ ಬಾಳುವುದಿಲ್ಲ. ಯಾಕೆ ಎನ್ನುವುದನ್ನು ಕೆಳಗೆ ವಿವರವಾಗಿ ಬರೆದಿದ್ದೇವೆ.

ಮೊದಲು ಒಂದು ಸಣ್ಣ ಲೆಕ್ಕ. 12 ಮೀಟರ್ ಎತ್ತರದ ದರೆ, ಎಂದರೆ ನಾಲ್ಕು ಮಹಡಿಯಷ್ಟು. ವಾಹನ ಸಲೀಸಾಗಿ ಹತ್ತಬೇಕಾದರೆ 15 ಮೀಟರಿಗೆ 1 ಮೀಟರ್ ಏರು ಎಂದಿಟ್ಟುಕೊಳ್ಳಿ. 180 ಮೀಟರ್ ರಸ್ತೆ ಬೇಕು, ತಿರುವುಗಳು ಸೇರಿದರೆ ಇನ್ನೂ ಹೆಚ್ಚು. ಅದೇ ಎತ್ತರಕ್ಕೆ 150 ಮಿ.ಮೀ. ಏರಿನ 80 ಮೆಟ್ಟಿಲು ಸಾಕು. ತುಳಿಯುವ ಹಾಸು 300 ಮಿ.ಮೀ., 12 ಮೆಟ್ಟಿಲಿಗೊಮ್ಮೆ ಒಂದೂವರೆ ಮೀಟರಿನ ತಂಗುಕಟ್ಟೆ (ನಿಂತು ಸುಧಾರಿಸಿಕೊಳ್ಳುವ ಸಮತಟ್ಟು ಜಾಗ) ಕೊಟ್ಟರೂ ನೆಲದ ಮೇಲೆ ಒಟ್ಟು ಉದ್ದ 31 ಮೀಟರ್. ನಡೆಯುವವರಿಗೆ ಉಳಿಯುವುದು ಬರೀ ದೂರವಲ್ಲ, ಫುಟ್‌ಪಾತ್ ಇಲ್ಲದ ಏರು ರಸ್ತೆಯ ತಿರುವಿನಲ್ಲಿ ಬಸ್ಸಿಗೂ ಪಾಗಾರಕ್ಕೂ ನಡುವೆ ಸಿಕ್ಕಿಕೊಳ್ಳುವ ಅಪಾಯವೂ ತಪ್ಪುತ್ತದೆ.

ಇನ್ನು ನೀರು. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹತ್ತು ಸೆಂಟ್ಸ್ ಜಾಗ ಎಂದರೆ ಸುಮಾರು 405 ಚದರ ಮೀಟರ್. ಮಾಡು (ಛಾವಣಿ), ಇಂಟರ್‌ಲಾಕ್ ಹಾಸಿದ ಅಂಗಳ ಎಲ್ಲಾ ಸೇರಿ ಆ ಜಾಗದಲ್ಲಿ ನೀರು ಇಂಗಲು ಮಣ್ಣೇ ಉಳಿದಿಲ್ಲವಾದರೆ, ಗಂಟೆಗೆ 50 ಮಿ.ಮೀ. ಬೀಳುವ ಮಳೆಯಲ್ಲಿ ಒಂದು ಮನೆಯಿಂದಲೇ ಗಂಟೆಗೆ 20 ಸಾವಿರ ಲೀಟರ್ ಹೊರಬರುತ್ತದೆ. ಅಂಥ ಐದು ಮನೆಗಳ ನೀರು ಒಂದೇ ಮೆಟ್ಟಿಲುದಾರಿಗೆ ಬಿದ್ದರೆ ಗಂಟೆಗೆ ಒಂದು ಲಕ್ಷ ಲೀಟರ್, ಎಂದರೆ ಸೆಕೆಂಡಿಗೆ 28 ಲೀಟರ್. ಪ್ರತಿ ಸೆಕೆಂಡಿಗೂ ಎರಡು ಕೊಡಪಾನ ನೀರನ್ನು ಮೇಲಿನಿಂದ ಸುರಿಯುತ್ತಲೇ ಇರುವ ಹಾಗೆ. ಅಂಥ ದಾರಿಯನ್ನು ಜನ ಮೆಟ್ಟಿಲೆಂದು ಹತ್ತುತ್ತಾರೆ, ನೀರು ಅದನ್ನು ತೋಡೆಂದು ಇಳಿಯುತ್ತದೆ.

ಈ ನೀರು ಮೆಟ್ಟಿಲಿಗೆ ಬರುವ ದಾರಿ ಮುಖ್ಯವಾಗಿ ಮೂರು. ಹೆಚ್ಚಿನ ಕಡೆ ದೊಡ್ಡ ಪಾಲು ಮೇಲಿನ ರಸ್ತೆಯದ್ದು. ಹಳೆಯ ಡಾಮರಿನ ಮೇಲೆ ಆರೆಂಟು ಇಂಚು ಕಾಂಕ್ರೀಟ್ ಸುರಿದಾಗ ರಸ್ತೆ ಅಷ್ಟು ಎತ್ತರಕ್ಕೇರಿತು. ಮೊದಲು ರಸ್ತೆಯ ಅಂಚಿನ ಚರಂಡಿಗೆ ಹೋಗುತ್ತಿದ್ದ ನೀರು ಈಗ ಮೆಟ್ಟಿಲಿನ ಬಾಯಿ ಸಿಕ್ಕ ಕಡೆ ಧುಮುಕುತ್ತದೆ. ಎರಡನೆಯದು ಪಾಗಾರದಿಂದ ಹೊರಗೆ ಮೂತಿ ಚಾಚಿದ ಪಿವಿಸಿ ಪೈಪುಗಳು: ಮಾಡಿನ ನೀರನ್ನು ನೇರ ಮೆಟ್ಟಿಲಿಗೇ ಬಿಡುವಂಥವು. ಮೂರನೆಯದು ಒರತೆ. ಜುಲೈ ನಡುವಿನ ಹೊತ್ತಿಗೆ ಗುಡ್ಡ ನೀರು ಕುಡಿದು ತುಂಬಿದ ಮೇಲೆ ದರೆಯಿಂದ ಜಿನುಗಲು ಶುರುವಾಗುತ್ತದೆ, ಮಳೆ ಬಿಟ್ಟ ದಿನವೂ ನಿಲ್ಲುವುದಿಲ್ಲ. ಮೊದಲ ಎರಡನ್ನು ತಡೆಯಬಹುದು. ಒರತೆಯನ್ನು ತಡೆಯಬಾರದು, ಅದಕ್ಕೆ ದಾರಿ ಮಾಡಿಕೊಡಬೇಕು. ತಡೆದರೆ ಅದು ಗೋಡೆಯನ್ನು ತಳ್ಳುತ್ತದೆ.

ಮೇಲಿನ ರಸ್ತೆಯ ನೀರಿಗೆ ಮೆಟ್ಟಿಲಿನ ತಲೆಯಲ್ಲಿ ಅಡ್ಡಕ್ಕೆ ಒಂದು ಚರಂಡಿ, ಅಗಲ 300 ಮಿ.ಮೀ., ಮೇಲೆ ಕಬ್ಬಿಣದ ಜಾಲರಿ. ಜಾಲರಿಯ ಸರಳುಗಳು ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು, ನಡುವಿನ ಸಂದು 12 ಮಿ.ಮೀ. ಮೀರಬಾರದು. ಮೀರಿದರೆ ಊರುಗೋಲು ಸಿಕ್ಕಿಬೀಳುತ್ತದೆ. ಚರಂಡಿಯ ಬದಲು ಸಿಮೆಂಟಿನ ಉಬ್ಬು ಕಟ್ಟುವ ರೂಢಿ ಇದೆ. ಅದು ಬೇಡ, ಇಳಿಯಲು ಮೊದಲ ಹೆಜ್ಜೆ ಇಡುವ ಜಾಗದಲ್ಲೇ ಎಡವುತ್ತಾರೆ.

ಮೆಟ್ಟಿಲಿನ ಉದ್ದಕ್ಕೂ ಒಂದು ಬದಿಯಲ್ಲಿ 300 ಮಿ.ಮೀ. ಅಗಲ, ಅಷ್ಟೇ ಆಳದ ಚರಂಡಿ. ಈ ಇಳಿಜಾರಿಗೆ ಅಷ್ಟು ಅಳತೆ ಧಾರಾಳವಾಯಿತು. ತೊಂದರೆ ಅಳತೆಯದ್ದಲ್ಲ, ವೇಗದ್ದು. ನುಣ್ಣಗೆ ಸಾರಿಸಿದ ನೇರ ಇಳಿಜಾರಿನ ಚರಂಡಿಯಲ್ಲಿ ನೀರು ಕೆಳಗೆ ಬರುವಷ್ಟರಲ್ಲಿ ಬಾಣದಂತಾಗಿ, ಬುಡದ ತಿರುವಿನಲ್ಲಿ ಹಾರಿ ರಸ್ತೆಗೆ ಬೀಳುತ್ತದೆ. ಆ ಜಾಗದ ಮಣ್ಣು ಕೊರೆದುಹೋಗುತ್ತದೆ. ಆದ್ದರಿಂದ ಚರಂಡಿಯ ತಳವನ್ನೂ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ. ಪ್ರತಿ ತಂಗುಕಟ್ಟೆಯಲ್ಲೂ ಒಂದೂವರೆ ಅಡಿ ಚೌಕ, ಎರಡಡಿ ಆಳದ ಗುಂಡಿ ಕೊಡಿ. ಅಲ್ಲಿ ನೀರು ಒಮ್ಮೆ ನಿಂತು ಸೋತು ಮುಂದೆ ಹೋಗುತ್ತದೆ, ಹೊತ್ತು ತಂದ ಮರಳು ತಳದಲ್ಲಿ ಉಳಿಯುತ್ತದೆ. ಗುಂಡಿಗೂ ಚರಂಡಿಗೂ ಮುಚ್ಚುವ ಸ್ಲ್ಯಾಬ್ ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಮೂರು ಇಂಚು ದಪ್ಪ ಸಾಕು. ತೂಕ 50 ಕೆ.ಜಿ. ಆಸುಪಾಸು, ಇಬ್ಬರು ಎತ್ತಬಹುದು. ಐದಡಿ ಸ್ಲ್ಯಾಬ್ ಹಾಕಿ ಅಂಚಿಗೆ ಸಿಮೆಂಟ್ ಮೆತ್ತಿದರೆ ಅದನ್ನು ಮತ್ತೆ ಯಾರೂ ತೆರೆಯುವುದಿಲ್ಲ. ತೆರೆಯದ ಚರಂಡಿ ಎರಡನೇ ಮಳೆಗಾಲಕ್ಕೆ ಮಾವಿನೆಲೆ, ಹಲಸಿನೆಲೆ, ಪ್ಲಾಸ್ಟಿಕ್ ತುಂಬಿ ಗಟ್ಟಿಯಾಗಿರುತ್ತದೆ. ನೀರು ಮತ್ತೆ ಮೆಟ್ಟಿಲಿನ ಮೇಲೇ.

ಮಾಡಿನ ಪೈಪುಗಳ ಬಗ್ಗೆ ಮನೆಯವರೊಂದಿಗೆ ಜಗಳ ಬೇಡ. ಪೈಪಿನ ಮೂತಿಗೆ ಒಂದು ಬೆಂಡ್, ಕೆಳಕ್ಕೆ ನಾಲ್ಕಡಿ ಪೈಪು, ಪಕ್ಕದ ಚರಂಡಿಗೆ ಒಂದು ತೂತು. ಒಂದು ಮಧ್ಯಾಹ್ನದ ಕೆಲಸ. ಬಾವಿ ಇರುವ ಮನೆಯಾದರೆ ಆ ನೀರನ್ನು ಬಾವಿಯ ಬಳಿಯ ಇಂಗುಗುಂಡಿಗೆ ತಿರುಗಿಸಲು ಹೇಳಿ, ಹೆಚ್ಚಿನವರು ಒಪ್ಪುತ್ತಾರೆ.

ಈಗ ನೆಲದೊಳಗಿನ ಸಂಗತಿ. ಮೇಲೆ ಮುರಕಲ್ಲಿನ ಗಟ್ಟಿ ಟೋಪಿ, ಅದರ ಕೆಳಗೆ ಮೆತ್ತಗಿನ ಮುರಕಲ್ಲು, ಅದಕ್ಕೂ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಹಾರೆಗೂ ಜಗ್ಗುವುದಿಲ್ಲ. ನೆನೆದರೆ ಮೊಸರಿನ ಹಾಗೆ ಸಡಿಲುತ್ತದೆ. ನಮ್ಮ ಮೆಟ್ಟಿಲುದಾರಿಗಳ ತಲೆ ಗಟ್ಟಿ ಕಲ್ಲಿನ ಮೇಲೆ, ಬುಡ ಶೇಡಿಯ ಮೇಲೆ ನಿಂತಿರುವುದು ಸಾಮಾನ್ಯ. ಮೇಲಿನ ಇಪ್ಪತ್ತು ಮೆಟ್ಟಿಲು ದೃಢವಾಗಿದ್ದು ಕೆಳಗಿನವು ಮಾತ್ರ ಒಂದು ಕಡೆ ವಾಲಿ ಕೂತಿರುವುದನ್ನು ನೋಡಿ "ಹಿಂದಿನವರ ಕೆಲಸ ಸರಿ ಇರಲಿಲ್ಲ" ಎನ್ನುವುದುಂಟು. ಕೆಲಸ ಸರಿಯಾಗಿಯೇ ಇತ್ತು. ಸಂದಿಗಳಲ್ಲಿ ಇಳಿದ ನೀರು ಕಲ್ಲಿನಡಿಯ ಶೇಡಿಯನ್ನು ಕರಗಿಸಿ ಹಾಲಿನ ಬಣ್ಣದಲ್ಲಿ ಹೊರಗೆ ಒಯ್ದಿದೆ, ಕಲ್ಲು ಖಾಲಿಯ ಮೇಲೆ ಕೂತಿದೆ. ಮಳೆಗಾಲದಲ್ಲಿ ಮೆಟ್ಟಿಲ ಬುಡದಲ್ಲಿ ಹರಿಯುವ ನೀರು ಕೆಂಪಗಿದ್ದರೆ ಮೇಲ್ಮಣ್ಣು ಹೋಗುತ್ತಿದೆ ಎಂದರ್ಥ. ಬೆಳ್ಳಗಿದ್ದರೆ ಅಡಿಪಾಯವೇ ಹೋಗುತ್ತಿದೆ. ಬೆಳ್ಳಗಿನ ನೀರು ಕಂಡ ದಿನ ಆ ದಾರಿಗೆ ಹಗ್ಗ ಕಟ್ಟಿ ಮುಚ್ಚಬೇಕು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಶೇಡಿ ಮಣ್ಣಿನ ಬಗ್ಗೆ ಅಧ್ಯಯನಗಳು ನಡೆದಿವೆ. ತಜ್ಞರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಪರೀಕ್ಷೆ ಸುಲಭ. ಹಾರೆಯ ಹಿಂಬದಿಯಿಂದ ಪ್ರತಿ ಮೆಟ್ಟಿಲನ್ನೂ ಮೂರು ಕಡೆ ಕುಟ್ಟಿ: ನಡುವೆ, ಎರಡು ತುದಿ. ಟಣ್ ಎಂದರೆ ಸರಿ. ಡೊಬ್ ಎಂದರೆ ಕೆಳಗೆ ಪೊಳ್ಳು. ಪೊಳ್ಳಿದ್ದ ಕಡೆ ಮೇಲಿನಿಂದ ಸಿಮೆಂಟ್ ಬಳಿದರೆ ಪ್ರಯೋಜನವಿಲ್ಲ. ಕಲ್ಲೆತ್ತಿ, ಮಣ್ಣು ಎಲ್ಲಿಂದ ಹೊರಗೆ ಹೋಯಿತೆಂದು ಹುಡುಕಿ, ಆ ಬಾಯಿಗೆ ಜಲ್ಲಿ ಸೋಸುಪದರ ಕೊಟ್ಟು, ಸಡಿಲ ಮಣ್ಣೆಲ್ಲ ತೆಗೆದು 1:4:8 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿ, ಆಮೇಲೆ ಅದೇ ಕಲ್ಲನ್ನು ಕೂರಿಸಬೇಕು. ಪಕ್ಕದ ತಡೆಗೋಡೆಯಲ್ಲಿ ನೀರು ಜಿನುಗುವ ತೂತುಗಳಿವೆಯೇ ನೋಡಿ: ಮೂರು ಇಂಚಿನ ಪೈಪು, ಉದ್ದಕ್ಕೂ ಎತ್ತರಕ್ಕೂ ನಾಲ್ಕೈದು ಅಡಿಗೊಂದರಂತೆ, ಹಿಂದೆ ಜಲ್ಲಿ. ಎಷ್ಟೋ ಕಡೆ ಈ ತೂತುಗಳಿವೆ, ಆದರೆ ಗೋಡೆಗೆ ಗಾರೆ ಮಾಡಿ ಬಣ್ಣ ಬಳಿದವರು ಅವನ್ನೂ ಮುಚ್ಚಿರುತ್ತಾರೆ.

ಮೆಟ್ಟಿಲಿನ ಪಕ್ಕದ ಜಾಗದಲ್ಲಿ ಕಟ್ಟಡಕ್ಕಾಗಿ ಜೆಸಿಬಿಯಿಂದ ನೆಟ್ಟಗೆ ದರೆ ಕಡಿಯುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಅಗೆಯುವ ಆಳ ಎಷ್ಟೋ ಮೆಟ್ಟಿಲಿನಿಂದ ಕನಿಷ್ಠ ಅಷ್ಟು ದೂರ ಬಿಡಬೇಕು. ಬಿಡಲಾಗದಿದ್ದರೆ ಮೇ ತಿಂಗಳೊಳಗೆ ತಡೆಗೋಡೆ ಎದ್ದಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಕಡೆ ಅಗೆತವೇ ಬೇಡ. ಪರವಾನಗಿ ಪತ್ರದಲ್ಲೇ ಇದನ್ನು ಷರತ್ತಾಗಿ ಬರೆಯಬಹುದು. ಆದರೆ ನಕ್ಷೆ ನೋಡುವವರಿಗೆ ಪಕ್ಕದಲ್ಲಿ ಮೆಟ್ಟಿಲುದಾರಿ ಇದೆಯೆಂದು ಗೊತ್ತಾಗಬೇಕಲ್ಲ. ಪಟ್ಟಿ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ದುರಸ್ತಿಯ ಹೆಸರಿನಲ್ಲಿ ಆಗುವ ಹಾನಿಯ ಬಗ್ಗೆ ಎಂಜಿನಿಯರಿಂಗ್ ವಿಭಾಗದವರು ಗಮನ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಸವೆದ ಮುರಕಲ್ಲಿನ ಮೇಲೆ ಎರಡು ಇಂಚು ಕಾಂಕ್ರೀಟ್ ಎಳೆಯುವುದು ಎಲ್ಲಾ ಕಡೆಯ ರೂಢಿ. ಎಲ್ಲಾ ಮೆಟ್ಟಿಲಿಗೂ ಒಂದೇ ದಪ್ಪ ಎಳೆದಾಗ ನಡುವಿನ ಏರುಗಳು ಬದಲಾಗುವುದಿಲ್ಲ. ತೊಂದರೆ ಕಾಣಿಸುವುದು ಎರಡು ತುದಿಯಲ್ಲಿ. ಕೆಳಗಿನ ಮೊದಲ ಏರು ಎರಡು ಇಂಚು ಹೆಚ್ಚುತ್ತದೆ, ಮೇಲಿನ ಕೊನೆಯ ಏರು ಎರಡು ಇಂಚು ತಗ್ಗುತ್ತದೆ. ಮುಂದಿನ ವರ್ಷ ಕೆಳಗಿನ ರಸ್ತೆಗೆ ಕಾಂಕ್ರೀಟ್ ಬಂದರೆ ಮೊದಲ ಮೆಟ್ಟಿಲು ಅರ್ಧ ಹೂತುಹೋಗುತ್ತದೆ. ಕಾಲು ಎರಡು ಮೂರು ಮೆಟ್ಟಿಲಲ್ಲೇ ಅಳತೆ ಕಲಿತುಬಿಡುತ್ತದೆ, ಆಮೇಲೆ ಕಣ್ಣು ನೋಡುವುದಿಲ್ಲ. ಪಕ್ಕಪಕ್ಕದ ಏರುಗಳ ನಡುವೆ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೀಳುವವರು ಬೀಳುತ್ತಾರೆ, ಅದೂ ಇಳಿಯುವಾಗ. ಟೇಪು ಹಿಡಿದು ಪ್ರತಿ ಏರನ್ನೂ ಅಳೆದು ಬರೆದುಕೊಳ್ಳದೆ ಬಿಲ್ಲು ಪಾಸು ಮಾಡಬಾರದು.

ಇದಲ್ಲದೆ ಮುರಕಲ್ಲು ತೂತು ತೂತಾದ ಕಲ್ಲು. ನೀರು ಹೀರುತ್ತದೆ, ಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟಿನ ತೊಗಟೆ ಹೊದಿಸಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲ. ಎರಡು ಮೂರು ವರ್ಷಕ್ಕೆ ತೊಗಟೆ ಹಪ್ಪಳದಂತೆ ಎದ್ದು, ತುದಿ ಮುರಿದು, ಕಾಲಿಡುವ ಜಾಗದಲ್ಲೇ ಚೂಪಾದ ಅಂಚು ಬಿಡುತ್ತದೆ. ಕಲ್ಲಿನ ಸಂದಿಗೆ ಸುಣ್ಣದ ಗಾರೆ ಸಾಕು: ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಚಿಪ್ಪುಸುಣ್ಣ ಸಿಕ್ಕರೆ ಇನ್ನೂ ಒಳ್ಳೆಯದು. ಸುಣ್ಣದ ಕೆಲಸ ಬಲ್ಲವರು ಸಿಗದ ಕಡೆ ಸಿಮೆಂಟ್ 1, ಸುಣ್ಣ 1, ಮರಳು 6. ಗಾರೆ ಕಲ್ಲಿಗಿಂತ ಮೆದುವಾಗಿರಬೇಕು. ಸವೆದರೆ ಗಾರೆ ಸವೆಯಲಿ, ಅದನ್ನು ಮತ್ತೆ ತುಂಬಬಹುದು. ಕಲ್ಲು ಸವೆದರೆ ಮೆಟ್ಟಿಲೇ ಹೋಯಿತು.

ತೀರಾ ಸವೆದ ಕಲ್ಲನ್ನು ತೆಗೆದು ಹೊಸ ಮುರಕಲ್ಲು ಹಾಕಿ. ಆದರೆ ಕೋರೆಯಿಂದ ಬರುವ ಕಲ್ಲೆಲ್ಲ ಒಂದೇ ಅಲ್ಲ. ಹಳದಿ ಮಚ್ಚೆ ಹೆಚ್ಚಿದ್ದರೆ, ಉಗುರಲ್ಲಿ ಕೆರೆದಾಗ ಪುಡಿ ಉದುರಿದರೆ, ಅದು ಗೋಡೆಗೂ ಬೇಡ. ಕೆಂಪು-ಕಪ್ಪು ಬೆರೆತ, ಕುಟ್ಟಿದರೆ ನಾದ ಬರುವ ಕಲ್ಲನ್ನು ಆರಿಸಿ, ಕಡಿದ ಮೇಲೆ ಕೆಲವು ವಾರ ಬಯಲಲ್ಲಿ ಒಣಗಲು ಬಿಟ್ಟು ಬಳಸಬೇಕು. ಗಾಳಿ ಬಿಸಿಲಿಗೆ ಅದು ಗಟ್ಟಿಯಾಗುತ್ತದೆ. ಮುರಕಲ್ಲಿನ ಮೆಟ್ಟಿಲು ಮೊದಲು ಸವೆಯುವುದು ಮುಂದಿನ ಅಂಚಿನಲ್ಲಿ. ಜನ ಹೆಚ್ಚು ಓಡಾಡುವ ಕಡೆ ಅಂಚಿಗೆ ಕಾರ್ಕಳದ ಕಪ್ಪುಕಲ್ಲಿನ ಪಟ್ಟಿ ಕೂರಿಸಬಹುದು: ಆರು ಇಂಚು ಅಗಲ, ಮೇಲ್ಮೈ ಉಳಿಯಿಂದ ಒರಟು ಮಾಡಿದ್ದು. ಮೇಲೆ ಹೇಳಿದ 80 ಮೆಟ್ಟಿಲಿನ ದಾರಿ 1.8 ಮೀಟರ್ ಅಗಲವಿದ್ದರೆ ಇಂಥ ಪಟ್ಟಿ 144 ಮೀಟರ್ ಬೇಕಾಗುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್, ಹೊಳೆಯುವ ಟೈಲ್ಸ್ ಯಾವ ಕಾರಣಕ್ಕೂ ಬೇಡ. ಉದ್ಘಾಟನೆಯ ದಿನ ಅವು ಚೆಂದ ಕಾಣುತ್ತವೆ, ಜೂನ್ ತಿಂಗಳಲ್ಲಿ ಕಾಲು ಮುರಿಯುತ್ತವೆ. ಕಾಂಕ್ರೀಟೇ ಗತಿಯಾದ ಕಡೆ ಹಸಿ ಇರುವಾಗ ಒರಟು ಪೊರಕೆಯಿಂದ ಅಡ್ಡಗೆರೆ ಎಳೆದುಬಿಡಿ.

ಹೊಸದಾಗಿ ಕಟ್ಟುವಾಗ ಅಳತೆಯ ಸೂತ್ರ ಹಳೆಯದೇ: ಏರಿನ ಎರಡರಷ್ಟಕ್ಕೆ ಹಾಸು ಕೂಡಿಸಿದರೆ 600ರಿಂದ 630 ಮಿ.ಮೀ. ಬರಬೇಕು. ಹಿಂದೆ ಒಂದು ಕಲ್ಲಿನ ದಪ್ಪವೇ ಒಂದು ಏರು ಆಗುತ್ತಿತ್ತು, ಏಳು ಇಂಚಿನ ಆಸುಪಾಸು. ಗಟ್ಟಿಮುಟ್ಟಾದವರಿಗೆ ಸರಿ, ಮೊಣಕಾಲು ನೋವಿರುವವರಿಗೆ ಆರು ಇಂಚು ಮೀರಿದರೆ ಕಷ್ಟ. ಹಾಸು ಮುಂದಕ್ಕೆ 5 ಮಿ.ಮೀ. ಇಳಿಜಾರಿರಲಿ. ಹಿಂದಕ್ಕೆ ಇಳಿಜಾರಾದರೆ ಮೂಲೆಯಲ್ಲಿ ನೀರು ನಿಂತು, ಪಾಚಿ ಹುಟ್ಟಿ, ಸಂದಿಯೊಳಗೆ ಇಳಿಯುತ್ತದೆ. ಅಗಲ ಕನಿಷ್ಠ ಒಂದೂವರೆ ಮೀಟರ್. ಇಬ್ಬರು ಎದುರಾದಾಗ ಒಬ್ಬರು ಗೋಡೆಗೆ ಒತ್ತಿಕೊಳ್ಳದೆ ದಾಟಬೇಕು. ಆಂಬ್ಯುಲೆನ್ಸ್ ಬಾರದ ಮನೆಯಿಂದ ಸ್ಟ್ರೆಚರ್ ಇಳಿಸುವಾಗ ತಂಗುಕಟ್ಟೆಯಲ್ಲಿ ತಿರುಗಿಸಲು ಜಾಗ ಬೇಕು.

ಕೈಹಿಡಿಯ ವಿಚಾರದಲ್ಲಿ ಕಡಲ ಗಾಳಿಯನ್ನು ಮರೆತರೆ ಎಲ್ಲಾ ವ್ಯರ್ಥ. 32 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಎಂದು ಮಾರುವುದರ ಹೊರವ್ಯಾಸ ಸುಮಾರು 42 ಮಿ.ಮೀ., ಹಿಡಿಯಲು ಹದವಾದ ಅಳತೆ. ಎತ್ತರ ಮೆಟ್ಟಿಲಿನ ಅಂಚಿನಿಂದ 900 ಮಿ.ಮೀ., ಗೋಡೆಯಿಂದ 50 ಮಿ.ಮೀ. ಸಂದು, ಮೊದಲ ಮತ್ತು ಕೊನೆಯ ಮೆಟ್ಟಿಲು ದಾಟಿ 300 ಮಿ.ಮೀ. ಮುಂದಕ್ಕೆ ಚಾಚಿರಬೇಕು. ನಮ್ಮ 80 ಮೆಟ್ಟಿಲಿಗೆ ಒಂದು ಬದಿಗೆ ಸುಮಾರು 35 ಮೀಟರ್. ಪೈಪನ್ನು ಸ್ಥಳದಲ್ಲೇ ವೆಲ್ಡ್ ಮಾಡಿದರೆ ಬೆಸುಗೆಯ ಸುತ್ತ ಸತುವಿನ ಲೇಪ ಸುಟ್ಟುಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ವರ್ಕ್‌ಶಾಪಿನಲ್ಲಿ ಬೆಸೆದು, ಆಮೇಲೆ ಬಿಸಿ ಸತುವಿನಲ್ಲಿ ಅದ್ದಿ ತಂದು, ಇಲ್ಲಿ ಬೋಲ್ಟ್ ಮಾಡಿ ನಿಲ್ಲಿಸಬೇಕು. ಕಂಬದ ಕಾಲನ್ನು ಕಾಂಕ್ರೀಟಿನೊಳಗೆ ನೇರ ಹೂಳಬೇಡಿ. ಎರಡು ಇಂಚು ಎತ್ತರದ ಪುಟ್ಟ ಪೀಠದ ಮೇಲೆ ತಗಡು ಕೂರಿಸಿ ಬಿಗಿಯಬೇಕು. ಹೂತ ಕಂಬ ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಬುಡದಲ್ಲಿ ತಿಂದುಹೋಗಿರುತ್ತದೆ. ಅಜ್ಜಿಯೊಬ್ಬರು ಭಾರ ಹಾಕಿದ ದಿನ ಕೈಗೆ ಬರುತ್ತದೆ. ಎರಡೂ ಬದಿಗೆ ಹಣ ಸಾಲದಿದ್ದರೆ ಒಂದು ಬದಿಗಾದರೂ, ಆದರೆ ಪೂರ್ತಿ ಉದ್ದಕ್ಕೆ ಹಾಕಿ. ಅರ್ಧಕ್ಕೆ ನಿಂತ ಕೈಹಿಡಿ ಇಳಿಯುವವರನ್ನು ನಡುವೆ ಕೈಬಿಡುತ್ತದೆ.

ದೀಪ ಮೇಲೊಂದು ಕೆಳಗೊಂದು ಇದ್ದರೆ ಸಾಲದು, ಪ್ರತಿ ತಂಗುಕಟ್ಟೆಗೂ ಬೇಕು. ಪಕ್ಕದಿಂದ ಬೆಳಕು ಬಿದ್ದರೆ ಅಂಚು ಕಾಣುತ್ತದೆ, ಬೆನ್ನ ಹಿಂದಿನಿಂದ ಬಿದ್ದರೆ ನಮ್ಮದೇ ನೆರಳು ಮೆಟ್ಟಿಲನ್ನು ಮುಚ್ಚುತ್ತದೆ. ಅಂಚಿಗೆ ಎರಡು ಇಂಚಿನ ಬಿಳಿ ಅಥವಾ ಹಳದಿ ಪಟ್ಟಿ ಬಳಿಯಿರಿ. 80 ಮೆಟ್ಟಿಲಿಗೂ ಸೇರಿ ಏಳು ಚದರ ಮೀಟರ್ ಬಣ್ಣ. ಇಡೀ ಕೆಲಸಗಳ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ ಕೆಲಸ ಇನ್ನೊಂದಿಲ್ಲ.

ಪಾಚಿ ಬಗ್ಗೆ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅಂಗಳ ಜಾರದಿರಲೆಂದು ಅಡಿಕೆ ಮರದ ಸಲಕೆ ಹಾಸುವುದು ಹಳ್ಳಿಮನೆಗಳಲ್ಲಿ ಈಗಲೂ ಇದೆ. ಸಾರ್ವಜನಿಕ ಮೆಟ್ಟಿಲಿಗೆ ವರ್ಷಕ್ಕೆ ಮೂರು ಸಲ ಉಜ್ಜುವ ಕೆಲಸ ಬೇಕು: ಮೇ ಕೊನೆಯಲ್ಲಿ, ಜುಲೈಯಲ್ಲಿ ಎರಡು ದಿನ ಹೊಳವಾದಾಗ, ಆಗಸ್ಟ್ ಕೊನೆಯಲ್ಲಿ. ಗಟ್ಟಿ ಹಿಡಿಸೂಡಿ, ತಂತಿ ಬ್ರಷ್, ನೀರು. ತೀರಾ ಹಿಡಿದುಕೊಂಡ ಕಡೆ ಹತ್ತು ಲೀಟರ್ ನೀರಿಗೆ 100 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹಾಕಿ, ಅರ್ಧ ಗಂಟೆ ಬಿಟ್ಟು ಉಜ್ಜಿ ತೊಳೆಯಬೇಕು. ಪಕ್ಕದಲ್ಲಿ ಬಾವಿ ಇದ್ದರೆ ಅದೂ ಬೇಡ. ಆ್ಯಸಿಡ್ ಹಾಕಿದರೆ ಗಾರೆ ಕರಗುತ್ತದೆ. ಪ್ರೆಶರ್ ಪಂಪಿನ ಮೂತಿಯನ್ನು ಸಂದಿಗೆ ನೆಟ್ಟಗೆ ಹಿಡಿದರೆ ಒಂದು ಗಂಟೆಯಲ್ಲಿ ಹತ್ತು ವರ್ಷದ ಗಾರೆ ಹಾರಿಹೋಗುತ್ತದೆ.

ಸಂದಿಯಲ್ಲಿ ಮೊಳೆತ ಗೋಳಿ, ಅಶ್ವತ್ಥದ ಸಸಿಯನ್ನು ಕತ್ತಿಯಿಂದ ಸವರಿ ಬಿಡುವುದು ಕೆಲಸವಲ್ಲ, ಬೇರು ಒಳಗೆ ದಪ್ಪವಾಗುತ್ತಲೇ ಇರುತ್ತದೆ. ಮೊದಲ ಮಳೆಗೆ ಗಾರೆ ನೆನೆದು ಮೆತ್ತಗಾದಾಗ, ಸಸಿ ಗೇಣುದ್ದ ಇರುವಾಗಲೇ ಬೇರುಸಹಿತ ಕಿತ್ತು ಆ ಸಂದಿಯನ್ನು ಅದೇ ವಾರ ತುಂಬಬೇಕು.

ಯುಜಿಡಿ (ಒಳಚರಂಡಿ), ಕುಡಿಯುವ ನೀರು, ಗ್ಯಾಸ್, ಕೇಬಲ್ ಎಲ್ಲಕ್ಕೂ ಮೆಟ್ಟಿಲುದಾರಿ ಹತ್ತಿರದ ದಾರಿ. ಬರಲಿ, ಅಡ್ಡಿಯಿಲ್ಲ. ಆದರೆ ಪೈಪುಗಳನ್ನು ಹಾಸಿನ ಮೇಲೆ ಅಡ್ಡಾದಿಡ್ಡಿ ಓಡಿಸದೆ ಒಂದು ಬದಿಯ ಗೋಡೆಗೆ ಕಟ್ಟಬೇಕು. ಚೇಂಬರಿನ ಮುಚ್ಚಳ ತಂಗುಕಟ್ಟೆಯ ಮಟ್ಟಕ್ಕೇ ಇರಬೇಕು, ಎರಡು ಇಂಚು ಎದ್ದಿರಬಾರದು. ಅಗೆದವರು ಕಲ್ಲನ್ನು ಸಂಖ್ಯೆ ಬರೆದು ತೆಗೆದಿಟ್ಟು, ಮಣ್ಣನ್ನು ಅರ್ಧ ಅಡಿಗೊಮ್ಮೆ ದಮ್ಮಸು ಮಾಡಿ, ಅದೇ ಕಲ್ಲನ್ನು ಕೂರಿಸಬೇಕು. ಮೇ 15ರ ನಂತರ ಹೊಸ ಅಗೆತಕ್ಕೆ ಅನುಮತಿ ಬೇಡ. ಸಡಿಲ ಮಣ್ಣು ತುಂಬಿ ಮೇಲೆ ಸಿಮೆಂಟ್ ಎಳೆದ ಜಾಗ ಮೊದಲ ಮಳೆಗೇ ಕುಸಿಯುತ್ತದೆ.

ಇನ್ನು ಕಾಗದಪತ್ರ. "ಅದು ಖಾಸಗಿ ಜಾಗ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಕೆಲವು ದಾರಿಗಳ ಮಟ್ಟಿಗೆ ನಿಜವಿರಬಹುದು. ಎಲ್ಲದಕ್ಕೂ ಅದೇ ಉತ್ತರ ಸಲ್ಲದು. ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976ರಲ್ಲಿ ಸಾರ್ವಜನಿಕ ಬೀದಿ ಎಂದರೆ ಬರೀ ವಾಹನ ಹೋಗುವ ರಸ್ತೆಯಲ್ಲ. ಸಾರ್ವಜನಿಕರಿಗೆ ನಡೆದಾಡುವ ಹಕ್ಕಿರುವ ಓಣಿ, ಹಾದಿಗಳೂ ಅದರಲ್ಲಿ ಸೇರುತ್ತವೆ. ಈಗಿನ ನಗರದ ಬಹುಭಾಗ ಹಿಂದೆ ಗ್ರಾಮಗಳಾಗಿತ್ತು, ಆ ಕಾಲದ ಎಫ್‌ಎಂಬಿ (ಜಮೀನಿನ ಸರ್ವೆ ಅಳತೆ ಪುಸ್ತಕ) ನಕ್ಷೆಗಳಲ್ಲಿ ಕಾಲುದಾರಿ ಗುರುತಾಗಿದೆಯೇ ನೋಡಿ. ಅಕ್ಕಪಕ್ಕದ ಮನೆಗಳ ಹಳೆಯ ಕ್ರಯಪತ್ರದ ಚೆಕ್ಕುಬಂದಿ (ನಾಲ್ಕು ಗಡಿಗಳ ವಿವರ) ತೆಗೆಸಿ ಓದಿ. ಒಂದು ಕಡೆಗೆ "ಮಾಮೂಲು ದಾರಿ" ಎಂದು ಬರೆದಿದ್ದರೆ, ಆ ಮನೆಯವರೇ ಅದು ದಾರಿಯೆಂದು ಒಪ್ಪಿ ಸಹಿ ಹಾಕಿದ್ದಾರೆ. ಆಸ್ತಿಗಳಿಗೆ ಪ್ರಾಪರ್ಟಿ ಕಾರ್ಡ್ ಮಾಡಿದ ಊರು ಇದು. ಆಸ್ತಿಗಳ ನಡುವೆ ಉಳಿದ ಪಟ್ಟಿಯಂಥ ಜಾಗಕ್ಕೂ ಒಂದು ಗುರುತು ಬೇಕು.

ವಾರ್ಡ್ ಸಮಿತಿಯವರು ಇನ್ನೊಂದು ಗಡುವನ್ನು ನೆನಪಿಡಬೇಕು. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಖಾಸಗಿ ಜಾಗದ ಮೇಲೆ 20 ವರ್ಷ ಅಡೆತಡೆಯಿಲ್ಲದೆ, ಹಕ್ಕಿನಿಂದ, ಎಲ್ಲರೆದುರು ಬಳಸಿದ ದಾರಿಗೆ ಹಕ್ಕು ಬರುತ್ತದೆ. ಸರ್ಕಾರಿ ಜಾಗವಾದರೆ 30 ವರ್ಷ. ಆದರೆ ಆ ಬಳಕೆ ದಾವೆ ಹೂಡುವ ದಿನಕ್ಕೆ ಎರಡು ವರ್ಷದ ಒಳಗಿನವರೆಗೂ ನಡೆದಿರಬೇಕು. ಯಾರೋ ಗೇಟು ಹಾಕಿದ ಮೇಲೆ "ಇರಲಿ, ಆಮೇಲೆ ಮಾತಾಡುವ" ಎಂದು ಸುಮ್ಮನಿದ್ದರೆ ಅಜ್ಜನ ಕಾಲದ ದಾರಿಯೂ ಕೈತಪ್ಪಬಹುದು. ಗೇಟು ಬಿದ್ದ ವಾರವೇ ತಾರೀಕು ಕಾಣುವ ಫೋಟೊ, ಲಿಖಿತ ದೂರು, ಸ್ವೀಕೃತಿ.

ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಇಂಥ ಸುಮಾರು 800 ಮೆಟ್ಟಿಲುಸಾಲುಗಳಿವೆ. ಅವುಗಳಲ್ಲಿ ಹಲವು ಕಾನೂನಿನ ಪ್ರಕಾರ ಬೀದಿಗಳೇ. ನಕ್ಷೆಯಲ್ಲಿ ಬೀದಿ, ಸ್ಥಳಕ್ಕೆ ಹೋದರೆ ಮೆಟ್ಟಿಲು, ತುದಿಯಲ್ಲಿ ಬೀದಿಯ ಹೆಸರಿನ ಫಲಕ. ಅಲ್ಲೂ ಹಣಕ್ಕೆ ಎಳೆದಾಟವಿದೆ, ಮುಚ್ಚಿದ ಮೆಟ್ಟಿಲುಗಳೂ ಇವೆ. ಆದರೆ ಹೆಸರು ಮತ್ತು ಪಟ್ಟಿ ಇರುವುದರಿಂದ ಯಾವುದನ್ನು ಮೊದಲು ದುರಸ್ತಿ ಮಾಡಬೇಕೆಂಬ ಚರ್ಚೆಗಾದರೂ ಎಡೆಯಿದೆ.

ಮೆಟ್ಟಿಲು ಎಲ್ಲರಿಗೂ ಆಗುವುದಿಲ್ಲ ಎನ್ನುವುದು ನಮಗೆ ಗೊತ್ತು. ಗಾಲಿಕುರ್ಚಿಯವರಿಗೆ, ಮಗುವಿನ ಗಾಡಿ ತಳ್ಳುವವರಿಗೆ ಸುತ್ತುದಾರಿಯೇ ಗತಿ. ಅದಕ್ಕೆ ಮೆಟ್ಟಿಲಿನ ಎರಡೂ ತುದಿಯ ಫಲಕದಲ್ಲಿ ದಾರಿಯ ಹೆಸರು, ಮೆಟ್ಟಿಲುಗಳ ಎಣಿಕೆ, ಎಲ್ಲಿಗೆ ಹೋಗುತ್ತದೆ, ಮೆಟ್ಟಿಲಿಲ್ಲದ ಹತ್ತಿರದ ದಾರಿ ಯಾವ ಕಡೆ, ಎಷ್ಟು ಮೀಟರ್ ಎಂದು ಬರೆಯಿರಿ. ಸ್ಕೂಟರ್ ಇಳಿಸಲೆಂದು ಮೆಟ್ಟಿಲಿನ ನಟ್ಟನಡುವೆ ಸಿಮೆಂಟ್ ಪಟ್ಟಿ ಮಾಡಿಕೊಂಡ ಕಡೆ ಅದನ್ನು ತೆಗೆಸಬೇಕು. ಸೈಕಲ್ ತಳ್ಳಲು ಬೇಕಿದ್ದರೆ ಕೈಹಿಡಿಯಿಲ್ಲದ ಅಂಚಿನಲ್ಲಿ ಆರು ಇಂಚಿನ ಇಳಿಜಾರು ಪಟ್ಟಿ ಸಾಕು.

ಕೆಲಸ ಶುರು ಮಾಡಲು ದೊಡ್ಡ ಯೋಜನೆ ಬೇಡ. ಮೊದಲ ವರ್ಷ ಎಣಿಕೆ ಮಾತ್ರ: ಪ್ರತಿ ವಾರ್ಡಿನಲ್ಲಿ ಇಬ್ಬರು, ಒಂದು ಟೇಪು, ಒಂದು ಹಾರೆ, ಒಂದು ಮೊಬೈಲ್. ಎರಡೂ ತುದಿಯ ಸ್ಥಳ, ಅಗಲ, ಮೆಟ್ಟಿಲುಗಳ ಸಂಖ್ಯೆ, ಪೊಳ್ಳಾದ ಮೆಟ್ಟಿಲುಗಳು, ಕೈಹಿಡಿ, ದೀಪ, ಚರಂಡಿ, ಗೇಟು. ಒಂದು ದಾರಿಗೆ ಅರ್ಧ ಗಂಟೆ. ಶಾಲೆ, ಆಸ್ಪತ್ರೆ, ಬಸ್ ಸ್ಟಾಪಿಗೆ ಇಳಿಯುವವು ಮೊದಲು.

ಒಂದು ಮಾತು ಮಾತ್ರ ನಡೆಸಿಕೊಡಿ. ಈ ಎಣಿಕೆಯನ್ನು ಬೇಸಿಗೆಯಲ್ಲಿ ಮಾಡಿ ಮುಗಿಸಬೇಡಿ. ಬಿಸಿಲಿನಲ್ಲಿ ಎಲ್ಲಾ ಮೆಟ್ಟಿಲೂ ಚೆನ್ನಾಗಿ ಕಾಣುತ್ತವೆ. ಜೂನ್‌ನಲ್ಲಿ ಜೋರು ಮಳೆ ಹಿಡಿದ ದಿನ ಕೊಡೆ ತೆಗೆದುಕೊಂಡು, ರಬ್ಬರ್ ಚಪ್ಪಲಿ ಬಿಟ್ಟು ಹಿಡಿತವಿರುವ ಶೂ ಹಾಕಿಕೊಂಡು ಬನ್ನಿ. ಬುಡದಿಂದ ಹತ್ತುತ್ತಾ ನೀರು ಎಲ್ಲೆಲ್ಲಿ ಮೆಟ್ಟಿಲಿಗೆ ಸೇರುತ್ತದೋ ಅಲ್ಲೆಲ್ಲ ಫೋಟೊ ತೆಗೆದುಕೊಳ್ಳಿ, ಮಳೆ ಬಿಟ್ಟ ಮೇಲೆ ಅದೇ ಜಾಗಗಳಿಗೆ ಕೆಂಪು ಬಣ್ಣದ ಗುರುತು ಹಾಕಿ. ಅಡ್ಡ ಚರಂಡಿ ಎಲ್ಲಿ, ಗುಂಡಿ ಎಲ್ಲಿ, ಯಾವ ಪೈಪಿಗೆ ಬೆಂಡ್ ಎನ್ನುವುದು ಆ ಗುರುತುಗಳಲ್ಲೇ ಇರುತ್ತದೆ. ದಾರಿ ತೋರಿಸಲು ನಾವು ಬರುತ್ತೇವೆ.

ಇಂತಿ,
ಮಂಗಳೂರಿನ ಮೆಟ್ಟಿಲುದಾರಿಗಳನ್ನು ಕಟ್ಟುವ, ದುರಸ್ತಿ ಮಾಡುವ, ದಿನಾ ಹತ್ತಿ ಇಳಿಯುವ ಕೆಲವರು